ಹಳೆಯ ಕಸ್ಟಮ್ .22 ಆಕ್ಷನ್: ವಯಸ್ಸಿಗಿಂತ ಪಿನ್ ಗುರುತು ಮುಖ್ಯ

ಪ್ರಶ್ನೆ: ಎನ್‌ಸಿಸಿಯಲ್ಲಿ .22 ರೈಫಲ್ ಹೊಡೆದು ರುಚಿ ಹತ್ತಿದವನು ನಾನು. ಊರು ಉಡುಪಿ ಹತ್ತಿರ. ಈಗ ಕೆಲವು ವರ್ಷಗಳಿಂದ 50 ಮೀಟರ್ ಪ್ರೋನ್ (ಮಲಗಿಕೊಂಡು ಹೊಡೆಯುವ ಪಂದ್ಯ) ಗಂಭೀರವಾಗಿ ಮಾಡುತ್ತಿದ್ದೇನೆ. ಲೈಸೆನ್ಸ್ ಉಂಟು. ಹಿರಿಯ ಶೂಟರ್ ಒಬ್ಬರು ತಮ್ಮ ರೈಫಲ್ ಕೊಡುತ್ತೇನೆ ಅಂದಿದ್ದಾರೆ. 1990ರ ದಶಕದ ಅಮೆರಿಕದ ಕಸ್ಟಮ್ ಸಿಂಗಲ್ ಶಾಟ್ (ಒಂದೊಂದೇ ತೋಟೆ ಹಾಕುವ) ಆಕ್ಷನ್ (ಬೋಲ್ಟ್, ಪಿನ್ ಇರುವ ಯಂತ್ರಭಾಗ), ಒಮ್ಮೆ ಬ್ಯಾರೆಲ್ ಬದಲಾಗಿದೆ, ಮರದ ಸ್ಟಾಕ್ (ಹಿಡಿ). ಜೊತೆಗೆ ಹೊಡೆಯುವ ಹುಡುಗರು, "ಅದು ಹಳೇ ಡಿಸೈನ್ ಸರ್, ವುಡೂ, ರಿಮ್‌ಎಕ್ಸ್ ಥರದ ಹೊಸ ಆಕ್ಷನ್ ನೋಡಿ, ಇಲ್ಲಾಂದ್ರೆ ಹೊಸ ಆನ್‌ಶುಟ್ಜ್ ತಕ್ಕೊಳ್ಳಿ" ಅನ್ನುತ್ತಾರೆ. ಹಳೆಯ ಆಕ್ಷನ್ ಹೊಸದರ ಎದುರು ನಿಲ್ಲುತ್ತದಾ? ನೋಡುವುದು ಹೇಗೆ?

ಉತ್ತರ: ಡಿಸೈನ್ ಹಳೆಯದು ಎಂಬ ಒಂದೇ ಕಾರಣಕ್ಕೆ ಆ ರೈಫಲ್ ಬಿಡಬೇಡಿ. ಹೆಸರು ದೊಡ್ಡದು ಎಂಬ ಒಂದೇ ಕಾರಣಕ್ಕೆ ತೆಗೆದುಕೊಳ್ಳಲೂ ಬೇಡಿ. .22ರಲ್ಲಿ ಆಕ್ಷನ್‌ನ ದೊಡ್ಡ ಕೆಲಸ ಪ್ರತಿ ತೋಟೆಯನ್ನೂ ಒಂದೇ ರೀತಿ ಹೊತ್ತಿಸುವುದು. ಅದನ್ನು ಸರಿಯಾಗಿ ಮಾಡುವ ಹಳೆಯ ಆಕ್ಷನ್ ಇವತ್ತಿನ ಯಾವುದರ ಎದುರೂ ನಿಲ್ಲುತ್ತದೆ. ನಿಮ್ಮ ಮುಂದಿರುವ ಆ ಒಂದು ರೈಫಲ್ ಅದನ್ನು ಈಗಲೂ ಮಾಡುತ್ತಿದೆಯಾ ಎಂಬುದನ್ನು ನೀವೇ ಕೈಯಿಟ್ಟು ನೋಡಬೇಕು.

ಹಳೆಯದು ಅಂದಕೂಡಲೇ ಹಿಂದುಳಿದದ್ದು ಅಂತ ಯಾಕೆ ಅಲ್ಲ? .22 ಲಾಂಗ್ ರೈಫಲ್ ತೋಟೆ ಹುಟ್ಟಿದ್ದು 1887ರಲ್ಲಿ. ಅದರ ಅಳತೆ ಇವತ್ತಿಗೂ ಹೆಚ್ಚುಕಡಿಮೆ ಅದೇ. ಮ್ಯಾಚ್ ಗುಂಡಿನ ತೂಕ 40 ಗ್ರೇನ್, ಅಂದರೆ 2.6 ಗ್ರಾಂ. ವೇಗ ಸೆಕೆಂಡಿಗೆ 320ರಿಂದ 330 ಮೀಟರ್ ಆಸುಪಾಸು. ಒತ್ತಡದ ಗರಿಷ್ಠ ಮಿತಿ 24,000 ಪಿಎಸ್‌ಐ (ಚದರ ಇಂಚಿಗೆ ಪೌಂಡ್), ದೊಡ್ಡ ರೈಫಲ್‌ಗಳ ಅರ್ಧಕ್ಕಿಂತ ಕಡಿಮೆ. ಹಾಗಾಗಿ ಬೋಲ್ಟ್ (ತೋಟೆಯನ್ನು ಹಿಂದಿನಿಂದ ಮುಚ್ಚಿಹಿಡಿಯುವ ಸಲಾಕೆ) ಹಿಂದೆ ಲಾಕ್ ಆಗುತ್ತದೆ, ಗಟ್ಟಿ ಇಲ್ಲ ಎಂಬ ಮಾತಿಗೆ ಇಲ್ಲಿ ತೂಕ ಇಲ್ಲ. ಜರ್ಮನಿಯ ಆನ್‌ಶುಟ್ಜ್ ಕಂಪನಿಯ ಮ್ಯಾಚ್ 54 ಬಂದದ್ದು 1950ರ ದಶಕದಲ್ಲಿ. ಬೋಲ್ಟ್ ಹಿಂದುಗಡೆಯೇ ಲಾಕ್ ಆಗುವ ಆಕ್ಷನ್ ಅದು. 1411, 1413ರಿಂದ 1813, 1913ರವರೆಗೆ ಅದೇ ವಂಶ ಬೆಳೆಯುತ್ತಾ ಬಂತು. ಎಷ್ಟು ಒಲಿಂಪಿಕ್ ಲೈನ್‌ಗಳಲ್ಲಿ ಅದು ಮಲಗಿಲ್ಲ, ನಿಂತಿಲ್ಲ! ಇಂಗ್ಲೆಂಡಿನ ಬಿಎಸ್‌ಎ ಮಾರ್ಟಿನಿ ಇಂಟರ್‌ನ್ಯಾಷನಲ್‌ಗೆ ಬೋಲ್ಟೇ ಇಲ್ಲ, ಲಿವರ್ ಎಳೆದರೆ ಬ್ಲಾಕ್ ಕೆಳಗೆ ವಾಲುತ್ತದೆ. ಚೆನ್ನಾಗಿ ಇಟ್ಟುಕೊಂಡವು ಈಗಲೂ ಹತ್ತಕ್ಕೆ ಹತ್ತು ಹೊಡೆಯುತ್ತವೆ. ತೋಟೆ ಬದಲಾಗದಿದ್ದರೆ ಅದನ್ನು ಹೊಡೆಯುವ ಯಂತ್ರದ ಬೇಡಿಕೆಯೂ ಅಷ್ಟೇನೂ ಬದಲಾಗುವುದಿಲ್ಲ.

ಈಗ ಹೊತ್ತಿಸುವ ವಿಷಯಕ್ಕೆ ಬರೋಣ. ಹೆಚ್ಚಿನವರು ಇದನ್ನು ಬಿಟ್ಟು ಬ್ಯಾರೆಲ್ ಹೆಸರು, ಟ್ರಿಗರ್ ಹೆಸರು ಕೇಳುತ್ತಾರೆ. ದೊಡ್ಡ ರೈಫಲ್‌ಗಳ ತೋಟೆಯಲ್ಲಿ ಪ್ರೈಮರ್ (ಮೊದಲು ಕಿಡಿ ಹುಟ್ಟಿಸುವ ಮದ್ದು) ನಡುವೆ ಪುಟ್ಟ ಬಟ್ಟಲಲ್ಲಿ ಇರುತ್ತದೆ. .22ರಲ್ಲಿ ಅದು ಕೇಸಿನ, ಅಂದರೆ ತೋಟೆಯ ಲೋಹದ ಚಿಪ್ಪಿನ, ಅಂಚಿನ ಒಳಗೆ ಸುತ್ತಲೂ ಹರಡಿರುತ್ತದೆ. ಟ್ರಿಗರ್ ಎಳೆದಾಗ ಮುಂದಕ್ಕೆ ಬಡಿಯುವ ಪಿನ್ ಆ ತೆಳು ಅಂಚನ್ನು ಚೇಂಬರಿನ (ಬ್ಯಾರೆಲ್ ಹಿಂತುದಿಯಲ್ಲಿ ತೋಟೆ ಕೂರುವ ಗೂಡಿನ) ತುಟಿಗೆ ಒತ್ತಿ ಜಜ್ಜಬೇಕು. ಹೊಡೆತ ಸ್ವಲ್ಪ ಮೆತ್ತಗಾದರೆ, ಸ್ವಲ್ಪ ಒಳಗೆ ಅಥವಾ ಹೊರಗೆ ಬಿದ್ದರೆ, ಮದ್ದು ಹೊತ್ತುವ ರೀತಿಯೇ ಬೇರೆ ಆಗುತ್ತದೆ. ಆಗ ಗುಂಡಿನ ವೇಗ ಬದಲಾಗುತ್ತದೆ.

ಲೆಕ್ಕ ಹಾಕಿ ನೋಡಿ. 50 ಮೀಟರ್ ಹೋಗಲು ಗುಂಡಿಗೆ ಸುಮಾರು 0.16 ಸೆಕೆಂಡ್ ಬೇಕು. ಅಷ್ಟರಲ್ಲಿ ಅದು 12 ಸೆಂಟಿಮೀಟರಿನಷ್ಟು ಕೆಳಗಿಳಿದಿರುತ್ತದೆ. ವೇಗದಲ್ಲಿ ಸೆಕೆಂಡಿಗೆ 10 ಮೀಟರ್ ವ್ಯತ್ಯಾಸ ಬಂದರೆ ಏಳೆಂಟು ಮಿಲಿಮೀಟರ್ ಮೇಲೆ ಕೆಳಗೆ ಆಗುತ್ತದೆ. ಬ್ಯಾರೆಲ್ ನಡುಗುವ ರೀತಿಯಿಂದ ಇದು ಸ್ವಲ್ಪ ಕಮ್ಮಿ ಜಾಸ್ತಿ ಆಗಬಹುದು. ನಮ್ಮ ಟಾರ್ಗೆಟ್‌ನಲ್ಲಿ ಹತ್ತರ ಉಂಗುರದ ವ್ಯಾಸವೇ 10.4 ಮಿಮೀ, ಒಳ ಹತ್ತು 5 ಮಿಮೀ. ಪ್ರೋನ್‌ನಲ್ಲಿ ದಶಮಾಂಶದ ಲೆಕ್ಕ. ಹಾಗಾಗಿ ಪ್ರತಿ 0.8 ಮಿಮೀಗೆ ಒಂದು ದಶಮಾಂಶ ಹೋಗುತ್ತದೆ. 60 ಹೊಡೆತಕ್ಕೆ 620 ಬೇಕೆಂದರೆ ಸರಾಸರಿ 10.33. ಅಂದರೆ ಗುಂಡು ಸರಾಸರಿ ನಡುವಿನಿಂದ 5 ಮಿಮೀ ಆಸುಪಾಸಿನಲ್ಲಿ ಬೀಳಬೇಕು. ಏಳೆಂಟು ಮಿಮೀ ಪಿನ್‌ನಿಂದಲೇ ಹೋದರೆ ನೀವು ಎಷ್ಟು ಉಸಿರು ಹಿಡಿದು ಏನು ಪ್ರಯೋಜನ?

ಹಾಗಾಗಿ ಮೊದಲ ಪರೀಕ್ಷೆ ಖಾಲಿ ಕೇಸಿನದು. ಮಾರುವವರ ಹತ್ತಿರ ಆ ರೈಫಲ್‌ನಲ್ಲಿ ಹೊಡೆದ ಇಪ್ಪತ್ತು ಮೂವತ್ತು ಕೇಸ್ ಕೇಳಿ. ವಾಚ್ ರಿಪೇರಿಯವರ ಕಣ್ಣಿನ ಮಸೂರ ಸಾಕು. ಎಲ್ಲದರಲ್ಲೂ ಪಿನ್ ಗುರುತು ಒಂದೇ ಜಾಗದಲ್ಲಿ ಇದೆಯಾ? ಒಂದೇ ಆಳ ಇದೆಯಾ? ಗುರುತು ಅಂಚಿನ ಮೇಲೆ ಪೂರ್ತಿ ಬಿದ್ದಿದೆಯಾ, ಅಥವಾ ಅರ್ಧ ಹೊರಗೆ ಜಾರಿದೆಯಾ? ಗುರುತಿನ ಮೂಲೆಗಳು ಚೊಕ್ಕವಾಗಿದ್ದರೆ ಪಿನ್ ತುದಿ ಚೆನ್ನಾಗಿದೆ. ಒಂದು ಬದಿ ಆಳ, ಇನ್ನೊಂದು ಬದಿ ತೇಲಿದಂತೆ ಇದ್ದರೆ ತುದಿ ಸವೆದಿದೆ ಅಥವಾ ಬೋಲ್ಟ್ ವಾಲುತ್ತಿದೆ. ಈ ಒಂದು ಪರೀಕ್ಷೆಯಲ್ಲೇ ನನಗೆ ಅರ್ಧ ರೈಫಲ್ ಗೊತ್ತಾಗಿಬಿಡುತ್ತದೆ.

ಬೋಲ್ಟ್ ವಾಲುವುದನ್ನು ಕೈಯಲ್ಲೇ ನೋಡಬಹುದು. ಚೇಂಬರ್ ಖಾಲಿ ಇದೆ ಅಂತ ಕಣ್ಣಿನಲ್ಲಿ ನೋಡಿ, ಬೆರಳಿನಲ್ಲಿ ಮುಟ್ಟಿ ಖಾತ್ರಿ ಮಾಡಿಕೊಳ್ಳಿ. ಬ್ಯಾರೆಲ್ ಸುರಕ್ಷಿತ ದಿಕ್ಕಿಗಿರಲಿ. ಬೋಲ್ಟ್ ಮುಚ್ಚಿ, ಕಾಕ್ ಆಗಿರುವಾಗ (ಸ್ಪ್ರಿಂಗ್ ಬಿಗಿದು ಹೊಡೆಯಲು ಸಿದ್ಧ ಇರುವಾಗ) ಅದರ ಹಿಂಬದಿಯನ್ನು ಹೆಬ್ಬೆರಳಿನಿಂದ ಮೇಲೆ ಕೆಳಗೆ ಒತ್ತಿ. ಸ್ವಲ್ಪ ಆಟ ಇದ್ದೇ ಇರುತ್ತದೆ. ಕಣ್ಣಿಗೆ ಕಾಣುವಷ್ಟು ಇದ್ದರೆ ಯೋಚಿಸಬೇಕು. ಕಾಕ್ ಆದಾಗ ಟ್ರಿಗರ್‌ನ ಸಿಯರ್ ಎಂಬ ಕೊಕ್ಕೆ ಬೋಲ್ಟಿನ ಹಿಂಭಾಗವನ್ನು ಮೇಲಕ್ಕೆ ನೂಕಿರುತ್ತದೆ. ಟ್ರಿಗರ್ ಎಳೆದ ಕ್ಷಣ ಅದು ಬಿಡುತ್ತದೆ. ಸಡಿಲ ಇರುವ ಬೋಲ್ಟ್ ಆಗ ಕೂತ ಜಾಗ ಬದಲಿಸುತ್ತದೆ, ಪಿನ್ ಬೀಳುವ ಜಾಗವೂ ಬದಲಾಗುತ್ತದೆ. ಒಳ್ಳೆಯ ಕಸ್ಟಮ್ ಆಕ್ಷನ್ ಮಾಡಿದವರು ಗೆದ್ದದ್ದು ಇಲ್ಲಿಯೇ. ಹಾಲ್, ಟರ್ಬೊ, ಟೈಮ್ ಪ್ರಿಸಿಶನ್, ಸ್ಟಿಲ್ಲರ್ 2500ಎಕ್ಸ್ ಇಂಥವೆಲ್ಲ ಬೆಂಚ್‌ರೆಸ್ಟ್‌ನವರಿಗಾಗಿ (ರೈಫಲನ್ನು ಮೇಜಿನ ಮೇಲೆ ಇಟ್ಟು ಹೊಡೆಯುವವರಿಗಾಗಿ) ಸಣ್ಣ ಸಂಖ್ಯೆಯಲ್ಲಿ ತಯಾರಾದವು. ಬೋಲ್ಟ್ ಬಿಗಿಯಾಗಿ ಕೂರಬೇಕು, ಪಿನ್ ನೇರ ಬೀಳಬೇಕು ಎಂಬುದೇ ಅವುಗಳ ಹಠ. ಆ ಕೈಕೆಲಸದ ಮೇಲೆ ನನಗೆ ತುಂಬಾ ಗೌರವ ಇದೆ.

ಪಿನ್ ಸ್ಪ್ರಿಂಗ್ ಮಾತ್ರ ಮೂವತ್ತು ವರ್ಷದಲ್ಲಿ ದಣಿಯುತ್ತದೆ. ಅದು ದೊಡ್ಡ ದೋಷ ಅಲ್ಲ, ಸ್ಪ್ರಿಂಗ್ ಸಿಕ್ಕಿದರೆ ಬದಲಿಸಿದರಾಯಿತು. ಬೋಲ್ಟ್ ಬಿಚ್ಚಿಸಿ ಒಳಗೆ ನೋಡಿ. ನಮ್ಮ ಕರಾವಳಿಯಲ್ಲಿ ಇಟ್ಟ ರೈಫಲ್ ಆದರೆ ಇದನ್ನು ಬಿಡಲೇಬೇಡಿ. ಹೊರಗೆ ಫಳಫಳ ಹೊಳೆಯುವ ಬೋಲ್ಟ್ ಒಳಗೆ ಸ್ಪ್ರಿಂಗ್ ಮೇಲೆ ಕೆಂಪು ತುಕ್ಕು ಇರುವುದನ್ನು ಬೇಕಾದಷ್ಟು ನೋಡಿದ್ದೇನೆ. ಇನ್ನೊಂದು ಚಾಳಿ ತೆಂಗಿನೆಣ್ಣೆಯದ್ದು. ಮನೆಯಲ್ಲಿ ಕೈಗೆ ಸಿಗುತ್ತದೆ ಅಂತ ಕೋವಿಗೆಲ್ಲ ಹಚ್ಚುವವರಿದ್ದಾರೆ. 24 ಡಿಗ್ರಿ ಆಸುಪಾಸಿಗೆ ಇಳಿದರೆ ಅದು ಗಟ್ಟಿಯಾಗುತ್ತದೆ. ಡಿಸೆಂಬರ್ ಬೆಳಿಗ್ಗೆ ಮಂಗಳೂರಿನಲ್ಲೂ ಬಾಟಲಿಯ ಎಣ್ಣೆ ಬೆಳ್ಳಗೆ ಹೆಪ್ಪುಗಟ್ಟುವುದು ನಿಮಗೆ ಗೊತ್ತೇ ಇದೆ. ಬೋಲ್ಟ್ ಒಳಗೆ ಅದೇ ಆದರೆ ಪಿನ್ ನಿಧಾನವಾಗುತ್ತದೆ. ಆಮೇಲೆ ಬೆಂಗಳೂರಿನ ಚಳಿಯಲ್ಲಿ ಮ್ಯಾಚ್ ಹೊಡೆಯಲು ಹೋಗಿ, ಗುಂಡು ಮೇಲೆ ಕೆಳಗೆ ಯಾಕೆ ಹೋಗುತ್ತದೆ ಅಂತ ಗಾಳಿಯನ್ನು ಬೈಯುತ್ತಾರೆ. ಪಿನ್ ಇರುವ ಜಾಗ ಒಣಗಿರಬೇಕು, ಇಲ್ಲವೇ ತೆಳು ಗನ್ ಆಯಿಲ್ ಒರೆಸಿದಷ್ಟೇ ಇರಬೇಕು.

ಹೆಡ್‌ಸ್ಪೇಸ್ (ತೋಟೆಯ ಅಂಚು ಕೂರಲು ಇರುವ ಜಾಗ) ಕೂಡ ಅಳೆಯಿಸಿ. ರಿಮ್, ಅಂದರೆ ಆ ಅಂಚಿನ, ದಪ್ಪ ಸುಮಾರು 1.09 ಮಿಮೀ. ಬೋಲ್ಟ್ ಮುಖಕ್ಕೂ ಚೇಂಬರ್ ತುಟಿಗೂ ನಡುವೆ ಜಾಸ್ತಿ ಜಾಗ ಇದ್ದರೆ ಪಿನ್ ಹೊಡೆತದ ಒಂದು ಪಾಲು ತೋಟೆಯನ್ನು ಮುಂದಕ್ಕೆ ತಳ್ಳುವುದಕ್ಕೇ ಹೋಗುತ್ತದೆ. ಹಾಗೆಯೇ ಚೇಂಬರ್ ತುಟಿಯಲ್ಲಿ ಪಿನ್ ಬಡಿದ ತಗ್ಗು ಇದೆಯಾ ನೋಡಿ. ಖಾಲಿ ಟ್ರಿಗರ್ ಎಳೆದೆಳೆದು ಅಭ್ಯಾಸ ಮಾಡಿದ ರೈಫಲ್‌ಗಳಲ್ಲಿ, ಪಿನ್ ಸ್ವಲ್ಪ ಉದ್ದವಿದ್ದರೆ, ಈ ಗುಂಡಿ ಬೀಳುತ್ತದೆ. ಅದರ ಅಂಚು ಚೇಂಬರ್ ಒಳಕ್ಕೆ ಉಬ್ಬಿ ಕೇಸನ್ನು ಗೀರುತ್ತದೆ. ಸಣ್ಣದಾದರೆ ಬಲ್ಲವರು ಸರಿಮಾಡುತ್ತಾರೆ.

ಇನ್ನೊಂದು ಪರೀಕ್ಷೆ ನನಗೆ ತುಂಬಾ ಇಷ್ಟ. ಇದನ್ನು ರೇಂಜ್‌ನಲ್ಲೇ, ಬ್ಯಾರೆಲ್ ಟಾರ್ಗೆಟ್ ಕಡೆಗಿಟ್ಟು ಮಾಡಿ. ಮ್ಯಾಚ್ ತೋಟೆ ಒಂದನ್ನು ಚೇಂಬರ್‌ಗೆ ಹಾಕಿ ಬೋಲ್ಟ್ ಮುಚ್ಚಿ. ಹೊಡೆಯದೆ ಮೆಲ್ಲ ಹೊರಗೆ ತೆಗೆಯಿರಿ. ಮ್ಯಾಚ್ ಚೇಂಬರ್‌ನಲ್ಲಿ ಗುಂಡಿನ ಮುಂಭಾಗ ರೈಫ್ಲಿಂಗ್‌ಗೆ (ಬ್ಯಾರೆಲ್ ಒಳಗಿನ ಸುರುಳಿ ಏಣುಗಳಿಗೆ) ಒತ್ತಿಕೊಂಡು ಸಣ್ಣ ಗೆರೆಗಳು ಮೂಡುತ್ತವೆ. ಆ ಗೆರೆಗಳು ಸುತ್ತಲೂ ಒಂದೇ ಉದ್ದ ಇರಬೇಕು. ಒಂದು ಕಡೆ ಉದ್ದ, ಎದುರು ಕಡೆ ಇಲ್ಲವೇ ಇಲ್ಲ ಅಂದರೆ ಚೇಂಬರ್ ನಡುಗೆರೆಗೆ ಇಲ್ಲ, ಅಥವಾ ಕೇಸನ್ನು ಹೊರಗೆಳೆಯುವ ಎಕ್ಸ್‌ಟ್ರಾಕ್ಟರ್ ಒಂದು ಬದಿಯಿಂದ ತೋಟೆಯನ್ನು ತಳ್ಳುತ್ತಿದೆ. ಸೀಸ ಕೆರೆದ ಗುರುತು ಇದೆಯಾ ಎಂದೂ ನೋಡಿ. ಬ್ಯಾರೆಲ್ ಬದಲಾದ ರೈಫಲ್ ಅಂದಿದ್ದೀರಿ. ಆ ಕೆಲಸ ಮಾಡಿದವರ ಕೈ ಎಂಥದು ಎಂಬುದನ್ನು ಈ ಗೆರೆಗಳೇ ತೋರಿಸುತ್ತವೆ. ಬ್ಯಾರೆಲ್ ತಯಾರಕರ ಹೆಸರು ಎಷ್ಟೇ ದೊಡ್ಡದಿರಲಿ, ಚೇಂಬರ್ ಸೊಟ್ಟ ಕೊರೆದರೆ ಮುಗಿಯಿತು.

ಬೋರ್‌ಸ್ಕೋಪ್ (ಬ್ಯಾರೆಲ್ ಒಳಗೆ ನೋಡುವ ಸಾಧನ) ಸಿಕ್ಕಿದರೆ ಚೇಂಬರ್ ಮುಂದಿನ ಭಾಗ ನೋಡಿ, ಅದರಲ್ಲೂ ಕೆಳಗಿನ ಬದಿ. ಕರಿ ಉಂಗುರ ಕಂಡರೆ ಹೆದರಬೇಡಿ, ಅದು ಇಂಗಾಲ, ಸ್ವಚ್ಛ ಮಾಡಿದರೆ ಹೋಗುತ್ತದೆ. ತೆಗೆದ ಮೇಲೆ ಅಡಿಯಲ್ಲಿ ರೈಫ್ಲಿಂಗ್ ಮೊನೆ ಸವೆದಿದ್ದರೆ ಅದು ಬ್ಯಾರೆಲ್‌ನ ವಯಸ್ಸು. ಅದಕ್ಕೆ ಆಕ್ಷನ್ ಅನ್ನು ದೂರಬೇಡಿ.

ಹೊಸ ಡಿಸೈನ್‌ಗಳಿಂದ ನಿಜವಾಗಿ ಸಿಗುವುದೇನು? ನಿಮ್ಮ ಹುಡುಗರು ಹೇಳಿದ ಎರಡು ಹೆಸರನ್ನು ಮೊದಲು ಬೇರೆ ಮಾಡೋಣ. ವುಡೂ ವಿ-22, ರಿಮ್‌ಎಕ್ಸ್ ಎರಡೂ ರೆಮಿಂಗ್ಟನ್ 700 ರೈಫಲ್‌ನ ತಳದ (ಸ್ಟಾಕ್ ಒಳಗೆ ಕೂರುವ ಭಾಗದ) ಅಳತೆಗೆ ಮಾಡಿದವು. ಅದಕ್ಕೆ ಹೊಂದುವ ಟ್ರಿಗರ್, ಸ್ಟಾಕ್, ಚಾಸಿಸ್ ಅಮೆರಿಕದಲ್ಲಿ ಅಂಗಡಿ ತುಂಬ ಸಿಗುತ್ತವೆ. ಮ್ಯಾಗಜಿನ್‌ನಿಂದ ಮೆತ್ತನೆಯ ಸೀಸದ ಗುಂಡು ಜಜ್ಜಿಹೋಗದಂತೆ ಒಳಗೆ ಒಯ್ಯುವುದಕ್ಕೆ ಅವರು ತುಂಬಾ ತಲೆ ಓಡಿಸಿದ್ದಾರೆ. ಬೇರೆ ಬೇರೆ ದೂರಕ್ಕೆ, ಟೆಲಿಸ್ಕೋಪ್ ಇಟ್ಟು, ಸಮಯದ ಮಿತಿಯಲ್ಲಿ ಹೊಡೆಯುವ ಪಂದ್ಯಗಳಿಗೆ ಅದು ಬಹಳ ಒಳ್ಳೆಯದು. ನೀವು ಮಲಗಿಕೊಂಡು, ಅಪರ್ಚರ್ ಸೈಟ್ (ಸಣ್ಣ ತೂತಿನ ಮೂಲಕ ಗುರಿ ನೋಡುವ ಸಾಧನ) ಇಟ್ಟು, ಒಂದೊಂದೇ ತೋಟೆ ಹಾಕಿ ಹೊಡೆಯುವವರು. ಆ ಜಾಣತನಕ್ಕೆ ನೀವು ಯಾಕೆ ದುಡ್ಡು ಕೊಡಬೇಕು?

ಆದರೆ ಅವುಗಳ ಒಂದು ಗುಣ ನಿಮಗೂ ಬೇಕಾದದ್ದು. ಈಗಿನ ಸಿಎನ್‌ಸಿ (ಕಂಪ್ಯೂಟರ್ ನಡೆಸುವ) ಯಂತ್ರಗಳಿಂದಾಗಿ ಒಂದು ಆಕ್ಷನ್ ಇನ್ನೊಂದರ ಪಡಿಯಚ್ಚು. ರಿಮ್‌ಎಕ್ಸ್‌ಗೆ ಮೊದಲೇ ಸಿದ್ಧವಾದ ಬ್ಯಾರೆಲ್ ತಂದು ತಿರುಗಿಸಿ ಹಾಕಬಹುದು. ಹಳೆಯ ಕಸ್ಟಮ್ ಆಕ್ಷನ್‌ಗೆ ಬ್ಯಾರೆಲ್ ಹಾಕಬೇಕಾದರೆ ಒಬ್ಬ ನುರಿತವನು ಅದೇ ಆಕ್ಷನ್ ಎದುರಿಟ್ಟುಕೊಂಡು ಅಳೆದು ಮಾಡಬೇಕು. ಅಂಥವರು ನಮ್ಮ ದೇಶದಲ್ಲಿ ಬೆರಳೆಣಿಕೆ.

ಹೊಸ ಆನ್‌ಶುಟ್ಜ್ 54.30, ವಾಲ್ಟರ್ ಕೆಕೆ500, ಫೈನ್‌ವೆರ್ಕ್‌ಬೌ ಇವೆಲ್ಲ ನಿಮ್ಮ ಪಂದ್ಯಕ್ಕೆಂದೇ ಹುಟ್ಟಿದವು. 54.30ರಲ್ಲಿ ಬೋಲ್ಟ್ ಎಳೆಯುವ ದೂರ ಕಡಿಮೆ. ಮಲಗಿದಲ್ಲಿಂದ ಮೊಣಕೈ ಕದಲಿಸದೆ ತೋಟೆ ಹಾಕುವುದು ಸುಲಭವಾಗುತ್ತದೆ. 60 ಹೊಡೆತದ ಕೊನೆಗೆ ಭುಜಕ್ಕೆ ಅದು ಗೊತ್ತಾಗುತ್ತದೆ. ಅಲ್ಯೂಮಿನಿಯಂ ಸ್ಟಾಕ್‌ನಲ್ಲಿ ಎಲ್ಲವನ್ನೂ ಮೈಗೆ ಹೊಂದಿಸಬಹುದು. ನನ್ನ ಅಭಿಪ್ರಾಯ ಕೇಳಿದರೆ, ಹೊಸದರ ಬಹುಪಾಲು ಲಾಭ ಈ ಹೊಂದಾಣಿಕೆಯಲ್ಲಿ ಇದೆ. ಎರಡನ್ನೂ ಕ್ಲ್ಯಾಂಪ್‌ಗೆ ಬಿಗಿದು ಹೊಡೆದರೆ, ಒಳ್ಳೆಯ ಹಳೆಯದಕ್ಕೂ ಒಳ್ಳೆಯ ಹೊಸದಕ್ಕೂ ಇರುವ ವ್ಯತ್ಯಾಸಕ್ಕಿಂತ ಎರಡು ಲಾಟ್ (ಒಂದೇ ಸಲ ತಯಾರಾದ ಕಂತು) ತೋಟೆಗಳ ನಡುವಿನ ವ್ಯತ್ಯಾಸವೇ ಜಾಸ್ತಿ ಕಾಣುತ್ತದೆ.

ನಿಮ್ಮ ಪತ್ರದಲ್ಲಿ ಇಲ್ಲದ ಒಂದು ವಿಷಯ ನನ್ನನ್ನು ಕಾಡುತ್ತಿದೆ. ಆ ಕಾಲದ ಅಮೆರಿಕದ ಕಸ್ಟಮ್ ಸಿಂಗಲ್ ಶಾಟ್ ಅಂದರೆ ಬೆಂಚ್‌ರೆಸ್ಟ್‌ಗೆ ಕಟ್ಟಿದ್ದಿರಬಹುದು. ಹಾಗಿದ್ದರೆ ಮುಂಭಾಗ ಮೇಜಿನ ಮೇಲೆ ಕೂರುವಂತೆ ಅಗಲ ಚಪ್ಪಟೆ ಇರುತ್ತದೆ. ಸ್ಲಿಂಗ್ (ತೋಳಿಗೆ ಬಿಗಿಯುವ ಪಟ್ಟಿ) ಮತ್ತು ಹ್ಯಾಂಡ್‌ಸ್ಟಾಪ್‌ಗೆ (ಕೈ ಜಾರದಂತೆ ತಡೆಯುವ ತುಂಡಿಗೆ) ಹಳಿ ಇರುವುದಿಲ್ಲ. ಟೆಲಿಸ್ಕೋಪ್ ಕೂರುವ ಜಾಗ ಇರುತ್ತದೆ, ಹಿಂದಿನ ಅಪರ್ಚರ್ ಸೈಟ್ ಕೂರುವ 11 ಮಿಮೀ ಡವ್‌ಟೇಲ್ ಹಳಿ ಇರಲಿಕ್ಕಿಲ್ಲ. ಐಎಸ್‌ಎಸ್‌ಎಫ್ (ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟ) ನಿಯಮದಲ್ಲಿ ಟೆಲಿಸ್ಕೋಪ್ ಇಡುವಂತಿಲ್ಲ, ತೂಕ 8 ಕಿಲೋ ದಾಟುವಂತಿಲ್ಲ. ಟ್ರಿಗರ್ ಕೂಡ ಮುಟ್ಟಿದರೆ ಬಿಡುವಷ್ಟು ಹಗುರ ಇರಬಹುದು. ನಿಯಮಕ್ಕೆ ಅದು ಅಡ್ಡಿಯಲ್ಲ. ಆದರೆ ಮಲಗಿ, ಬಿಗಿ ಸ್ಲಿಂಗ್‌ನಲ್ಲಿ, ನಾಡಿ ಬಡಿತ ಬೆರಳಿಗೆ ಬರುವಾಗ ಅಂಥ ಟ್ರಿಗರ್ ಅಪಾಯ. ಆಕ್ಷನ್ ನೋಡುವ ಮೊದಲೇ ಇಷ್ಟು ಕೇಳಿಕೊಳ್ಳಿ. ಸ್ಟಾಕ್ ಬದಲಿಸಬೇಕಾದರೆ ಆ ಆಕ್ಷನ್‌ನ ತಳ ಯಾವ ಅಳತೆಗೆ ಇದೆ ಎಂಬುದೂ ಮುಖ್ಯ. ರೆಮಿಂಗ್ಟನ್ ಅಥವಾ ಆನ್‌ಶುಟ್ಜ್ ಅಳತೆಗೆ ಇದ್ದರೆ ದಾರಿ ಇದೆ. ತನ್ನದೇ ಅಳತೆಯಾದರೆ ಎಲ್ಲವನ್ನೂ ಹೊಸದಾಗಿ ಮಾಡಿಸಬೇಕು.

ಬಿಡಿಭಾಗಗಳ ವಿಷಯ ಇದಕ್ಕಿಂತ ಕಷ್ಟದ್ದು. ಸಣ್ಣ ಕಾರ್ಖಾನೆ ಮುಚ್ಚಿಹೋಗಿದ್ದರೆ ಪಿನ್, ಎಕ್ಸ್‌ಟ್ರಾಕ್ಟರ್, ಸ್ಪ್ರಿಂಗ್ ಎಲ್ಲಿಂದ ತರುತ್ತೀರಿ? ಮಂಗಳೂರಿನ ಬೈಕಂಪಾಡಿ ಕೈಗಾರಿಕಾ ಪ್ರದೇಶದಲ್ಲಿ ಒಳ್ಳೊಳ್ಳೆ ಲೇತ್ ಕೆಲಸದವರಿದ್ದಾರೆ, ಪಿನ್ ಮಾಡುವುದು ಅವರಿಗೆ ಕಷ್ಟವೇ ಅಲ್ಲ. ಆದರೆ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಬಂದೂಕಿನ ಭಾಗವೂ ಬಂದೂಕಿನ ಲೆಕ್ಕದಲ್ಲೇ ಬರುತ್ತದೆ. ತಯಾರಿಸಲು, ರಿಪೇರಿ ಮಾಡಲು ಅದಕ್ಕೆ ಲೈಸೆನ್ಸ್ ಇರುವವರೇ ಬೇಕು. ಪರಿಚಯದವರು ಅಂತ ಸುಮ್ನೆ ಮಾಡಿಸಿ ಅವರನ್ನೂ ನಿಮ್ಮನ್ನೂ ತೊಂದರೆಗೆ ಸಿಕ್ಕಿಸಬೇಡಿ. ಆ ರೈಫಲ್ ಜೊತೆ ಒಂದು ಬದಲಿ ಪಿನ್, ಎರಡು ಸ್ಪ್ರಿಂಗ್, ಒಂದು ಜೊತೆ ಎಕ್ಸ್‌ಟ್ರಾಕ್ಟರ್ ಬರುತ್ತದಾ ಕೇಳಿ. ಬಂದರೆ ಕ್ರಯ ಸ್ವಲ್ಪ ಜಾಸ್ತಿಯಾದರೂ ನಾನು ಒಪ್ಪುತ್ತೇನೆ. ಬರದಿದ್ದರೆ, ಆಕ್ಷನ್ ಎಷ್ಟೇ ಚೆಂದ ಇದ್ದರೂ ನನ್ನ ಮನಸ್ಸು ಹಿಂದೆ ಸರಿಯುತ್ತದೆ. ಹಳೆಯ ಆನ್‌ಶುಟ್ಜ್ 54ರ ಪರವಾಗಿ ನಾನು ಇಷ್ಟು ಮಾತಾಡುವುದಕ್ಕೆ ಕಾರಣವೂ ಇದೇ. ಅದರ ಭಾಗಗಳು ಈಗಲೂ ಸಿಗುತ್ತವೆ.

ನಮ್ಮ ಹವೆಯ ಬಗ್ಗೆ ಎರಡು ಮಾತು. ಮರದ ಸ್ಟಾಕ್ ಆಟಿಯ (ತುಳುವಿನ ಮಳೆಗಾಲದ ತಿಂಗಳು) ಮಳೆಯಲ್ಲಿ ಪಸೆ ಹೀರಿ ಉಬ್ಬುತ್ತದೆ, ಮಾರ್ಚ್‌ಗೆ ಕುಗ್ಗುತ್ತದೆ. ಬೆಡ್ಡಿಂಗ್ (ಸ್ಟಾಕ್ ಒಳಗೆ ಆಕ್ಷನ್ ಕೂರುವ ಹಾಸು) ಎಪಾಕ್ಸಿ ಅಂಟಿನಲ್ಲಿ ಮಾಡಿ, ಸ್ಕ್ರೂ ಸುತ್ತ ಲೋಹದ ಪಿಲ್ಲರ್ ಹಾಕಿದ್ದರೆ ಪರವಾಗಿಲ್ಲ. ಬರೀ ಮರದ ಮೇಲೆ ಆಕ್ಷನ್ ಕೂತಿದ್ದರೆ ಬೆಡ್ಡಿಂಗ್ ಮಾಡಿಸುವ ಖರ್ಚು ಸೇರಿಸಿಕೊಳ್ಳಿ. ಆಕ್ಷನ್ ಸ್ಟೇನ್‌ಲೆಸ್ ಆದರೆ ಒಳ್ಳೆಯದು, ಆದರೂ ಉಪ್ಪು ಗಾಳಿಗೆ ಅದೂ ಚುಕ್ಕೆ ಬೀಳುತ್ತದೆ. ಫೋಮ್ ಇರುವ ಪೆಟ್ಟಿಗೆಯಲ್ಲಿ ಮಳೆಗಾಲ ಪೂರ್ತಿ ಮುಚ್ಚಿಡಬೇಡಿ, ಫೋಮ್ ತೇವ ಹಿಡಿದಿಟ್ಟುಕೊಳ್ಳುತ್ತದೆ. ಬೀಗ ಇರುವ ಸ್ಟೀಲ್ ಕಪಾಟು, ಒಳಗೆ ಸಿಲಿಕಾ ಜೆಲ್, ವಾರಕ್ಕೊಮ್ಮೆ ಎಣ್ಣೆ ಬಟ್ಟೆಯಲ್ಲಿ ಒರೆಸುವುದು, ಇಷ್ಟು ಮಾಡಿದರೆ ಸಾಕು.

ಕೊನೆಗೆ ಹೊಡೆದು ನೋಡುವುದು. ಮಾರುವವರು ತಮ್ಮ ಕಾಲದ ಐದು ಹೊಡೆತದ ಟಾರ್ಗೆಟ್ ತೋರಿಸುತ್ತಾರೆ, ಒಂದೇ ತೂತು. ಅದನ್ನು ನೋಡಿ ಖುಷಿಪಡಿ, ನಂಬಬೇಡಿ. ಅವರ ಎದುರಲ್ಲೇ, ಅವರ ಲೈಸೆನ್ಸಿನಲ್ಲೇ, ರೇಂಜ್‌ನಲ್ಲಿ ಹತ್ತತ್ತು ಹೊಡೆತದ ಗುಂಪು ನಾಲ್ಕೈದು ಆಗಲಿ. ಮರಳು ಚೀಲದ ಮೇಲೆ, ಬೆಳಿಗ್ಗೆ ಬೇಗ, ಕಡಲ ಗಾಳಿ ಏಳುವ ಮೊದಲು. ಕನಿಷ್ಠ ಮೂರು ಬಗೆಯ ತೋಟೆ ಇರಲಿ: ಈಲೆ ಟೆನೆಕ್ಸ್, ಲಪುವಾ, ಆರ್‌ಡಬ್ಲ್ಯುಎಸ್ ಹೀಗೆ ಸಿಕ್ಕಿದ್ದು. ಗುಂಪು ಅಡ್ಡಕ್ಕೆ ಹರಡಿದರೆ ಗಾಳಿಯೋ ಬೆಡ್ಡಿಂಗೋ ಇರಬಹುದು. ಮೂರೂ ತೋಟೆಯಲ್ಲಿ ಮೇಲೆ ಕೆಳಗೆ ಹರಡಿದರೆ ಸ್ಪ್ರಿಂಗ್, ಪಿನ್, ಹೆಡ್‌ಸ್ಪೇಸ್ ಕಡೆಗೆ ಹೋಗಿ. ಒಂದೇ ತೋಟೆಯಲ್ಲಿ ಮಾತ್ರ ಹಾಗಾದರೆ ಆ ಲಾಟ್ ಈ ಬ್ಯಾರೆಲ್‌ಗೆ ಆಗುವುದಿಲ್ಲ, ಅಷ್ಟೇ. ಒಳ್ಳೆಯ ತೋಟೆಯಲ್ಲಿ ಹತ್ತು ಹೊಡೆತದ ಗುಂಪು ತೂತಿನ ನಡುವಿನಿಂದ ನಡುವಿಗೆ 16 ಮಿಮೀ ಒಳಗೆ ಇದ್ದರೆ, ತೂತಿನ ಅಂಚು ಉಂಗುರಕ್ಕೆ ತಾಗಿದರೂ ಹತ್ತೇ ಆದ್ದರಿಂದ, ಎಲ್ಲವೂ ಹತ್ತರೊಳಗೆ ಸೇರಬಲ್ಲವು. ಅದು ಅಂಚಿನ ಮಾತು. ನಿಮ್ಮ ಮಟ್ಟಕ್ಕೆ 12 ಮಿಮೀ ಒಳಗೆ ಮತ್ತೆ ಮತ್ತೆ ಬರುವುದನ್ನು ಕೇಳಿ.

ಎಲ್ಲ ಸರಿ ಬಂದರೂ ಅವತ್ತೇ ರೈಫಲ್ ಮನೆಗೆ ಬರುವುದಿಲ್ಲ. ಮಾರುವವರು ಜಿಲ್ಲಾಧಿಕಾರಿಗೆ ಅಥವಾ ಹತ್ತಿರದ ಠಾಣೆಗೆ ಬರೆದು ತಿಳಿಸಿ 45 ದಿನ ಕಳೆದ ಮೇಲೆಯೇ ಕೊಡಬಹುದು. ನಿಮ್ಮ ಲೈಸೆನ್ಸಿನಲ್ಲಿ ಈ ಕ್ಯಾಲಿಬರ್‌ಗೆ ಜಾಗ ಬೇಕು. ಆಮದಾದ ರೈಫಲ್ ಆದ್ದರಿಂದ ಅವರು ಯಾವ ಅನುಮತಿಯಲ್ಲಿ ತಂದರು, ಮಾರಲು ಷರತ್ತು ಏನಾದರೂ ಉಂಟಾ ಎಂಬ ಕಾಗದವನ್ನೂ ನೋಡಿ. ಮಣಿಪಾಲದ ಜಿಲ್ಲಾಧಿಕಾರಿ ಕಚೇರಿಯಲ್ಲಿ ಮೊದಲೇ ವಿಚಾರಿಸಿಕೊಳ್ಳಿ. ಮುಂಗಡ ಕೊಡುವುದು ಅದಾದ ಮೇಲೆ.

ಪಿನ್ ಗುರುತು ಚೊಕ್ಕ, ಗುಂಡಿನ ಗೆರೆ ಸುತ್ತಲೂ ಸಮ, ಅಪರ್ಚರ್ ಸೈಟಿಗೆ ಜಾಗ ಇದೆ, ಬದಲಿ ಪಿನ್ ಜೊತೆಗೆ ಬರುತ್ತದೆ ಅಂದರೆ ತೆಗೆದುಕೊಳ್ಳಿ. ಉಳಿದ ದುಡ್ಡಿಗೆ ಆ ಬ್ಯಾರೆಲ್ ಒಪ್ಪಿದ ಲಾಟ್‌ನ ತೋಟೆಯನ್ನೇ ಲೈಸೆನ್ಸಿನ ಮಿತಿಯೊಳಗೆ ಆದಷ್ಟು ಜಾಸ್ತಿ ತರಿಸಿಕೊಳ್ಳಿ. ಬದಲಿ ಭಾಗ ಇಲ್ಲ, ಸೈಟಿಗೆ ಜಾಗವೂ ಇಲ್ಲ ಅಂದರೆ ಅದೇ ದುಡ್ಡಿಗೆ ಒಂದು ಒಳ್ಳೆಯ ಹಳೆಯ 1813 ಅಥವಾ 1913 ಹುಡುಕಿ. ಖಾಲಿ ಕೇಸ್‌ಗಳು ಸಿಕ್ಕಿದ ಮೇಲೆ ಪಿನ್ ಗುರುತು ಹತ್ತಿರದಿಂದ ಕಾಣುವ ಹಾಗೆ ಫೋಟೊ ತೆಗೆದು ಕಳಿಸಿ, ನೋಡಿ ಹೇಳುತ್ತೇನೆ.